ಸೊನ್ನೆ ಬರೆಯುವ ಕೆಲಸ

ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ,
ರಬ್ಬರ್ ಬ್ಯಾಂಡು ಎರಡು ಸುತ್ತು.
ಬಿಳಿ ಬೆಳಕು ಅದರ ಕಣ್ಣಿಗೆ ಆಗದು.
ಎಂಟೂವರೆಗೆ ಶುರು. ಗಂಟೆಗೆ ಒಂದು ಕಿಲೋಮೀಟರು.
ಅದಕ್ಕಿಂತ ಬೇಗ ಹೋದರೆ
ನಡೆದಂತಾಗುತ್ತದೆ, ನೋಡಿದಂತಾಗುವುದಿಲ್ಲ.

ಕಗ್ಗಲೀಪುರದ ಕಡೆ, ಹೊಸ ಲೇಔಟಿನ ಕಾಂಪೌಂಡು ಮುಗಿದಲ್ಲಿ ಕಾಡು.
ಕಾಡೆಂದರೆ ಅಂಥದ್ದೇನಲ್ಲ:
ಜಾಲಿ, ಹೊಂಗೆ, ಬಾಗೆ, ಲಂಟಾನದ ಪೊದೆ,
ಯಾರದೋ ಗೃಹಪ್ರವೇಶದ ಊಟದೆಲೆ.
ಬಲಕ್ಕೆ ಮರ.
ಎಡಕ್ಕೆ ಈಜುಕೊಳದ ನೀಲಿ ದೀಪ, ರಾತ್ರಿಯಿಡೀ.

ನಮ್ಮ ತಂಡ ಎಂದರೆ ಇಬ್ಬರು.
ನನ್ನ ಕೈಯಲ್ಲಿ ಹಾಳೆ: ಸಮಯ, ಮರ, ಎತ್ತರ, ಎಷ್ಟು.
ಮುನಿಕೆಂಪಣ್ಣನವರಿಗೂ ಓದಲು ಬರಲೆಂದು ಎಲ್ಲ ಕನ್ನಡದಲ್ಲೇ, ಅಂಕಿಯೂ.
ಅವರ ಕೈಯಲ್ಲಿ ಕೋಲು, ಹಾವಿಗೆ.
ಕಿಸೆಯಲ್ಲಿ ಇಲಾಖೆಯ ಪತ್ರ,
"ಯಾರ್ರೀ ಅದು" ಎಂದು ಗೇಟಿನಿಂದ ಕೂಗುವವರಿಗೆ.

ಮೊದಲ ರಾತ್ರಿ ೦.
ಎರಡನೆಯ ರಾತ್ರಿ ೦.
ಐದನೆಯ ರಾತ್ರಿ ಅವರಿಗೆ ತಡೆಯಲಾಗಲಿಲ್ಲ.
"ಏನೂ ಇಲ್ಲ ಅಂದ್ಮೇಲೆ ಬರಿಯೋದ್ಯಾಕೆ ಮೇಡಂ?"
ಖಾಲಿ ಬಿಟ್ಟರೆ ನಾವು ಬರಲಿಲ್ಲ ಎಂದರ್ಥ.
ಸೊನ್ನೆ ಬರೆದರೆ, ನಾವು ಬಂದೆವು, ಅದು ಬರಲಿಲ್ಲ ಎಂದು.
ಹಚ್ಚದ ಬೀಡಿ ಕಚ್ಚಿಕೊಂಡೇ ಸ್ವಲ್ಪ ಹೊತ್ತು ನಿಂತರು.
"ಹಂಗಾದ್ರೆ ದುಂಡಗೆ ಬರೀರಿ."

ಒಂಬತ್ತನೆಯ ರಾತ್ರಿ, ಹೊಂಗೆಯ ತುದಿಯಲ್ಲಿ,
ಯಾರೋ ಎರಡು ಬೀಡಿ ಒಟ್ಟಿಗೆ ಹಚ್ಚಿದಂತೆ.
ಕಾಡುಪಾಪ.
ಹೆಸರಿಟ್ಟವರಿಗೆ ಎಂಥ ಮನಸ್ಸಿತ್ತೋ!
ಅಂಗೈಯಗಲದ ಜೀವ, ಕಡ್ಡಿಯಂಥ ಕೈಕಾಲು,
ಕೊಂಬೆಯನ್ನು ಇಲ್ಲೀಗ ಹುಟ್ಟಿದೆ ಎಂಬಂತೆ ಮುಟ್ಟಿ ನೋಡಿ
ಮುಂದಿನ ಹೆಜ್ಜೆ ಇಡುತ್ತದೆ.
ಅದಕ್ಕೆ ಜಿಗಿಯಲು ಬರದು.

ಬಂಡೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುವಾಗ ಹೇಳಿದರು:
"ಹತ್ತು ವರ್ಸದೋನಿದ್ದಾಗ ಒಂದು ಹಿಡಿದಿದ್ದೆ.
ಕೊಂಬೆ ಬಿಡಲ್ಲ ಅದು.
ಬೆರಳು ಒಂದೊಂದಾಗಿ ಬಿಡಿಸ್ಬೇಕು.
ಮಾಟದೋನು ಎಂಟಾಣೆ ಕೊಟ್ಟ."
ಆಮೇಲೆ ಅದರ ಕಣ್ಣಿಗೇನಾಯಿತೆಂದು
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

ಮಾರ್ಚಿನಲ್ಲಿ ರಸ್ತೆ ಅಗಲವಾಯಿತು.
ಈ ಕಡೆಯ ಹೊಂಗೆಗೂ ಆ ಕಡೆಯ ಬಾಗೆಗೂ ನಡುವೆ
ಹದಿನಾಲ್ಕು ಹೆಜ್ಜೆ. ಮನುಷ್ಯನ ಹೆಜ್ಜೆ.
ತೆಂಗಿನ ನಾರಿನ ಹಗ್ಗ ಹೊಸೆಸಿ ಸೇತುವೆ ಕಟ್ಟಿದೆವು.
ನಾಲ್ಕು ತಿಂಗಳು, ಏಳು ಸಹಿ,
ಅದಕ್ಕೊಂದು ಕ್ಯಾಮೆರಾ.
ಕ್ಯಾಮೆರಾದಲ್ಲಿ ಕಾಗೆ. ಅಳಿಲು. ಇಲಿ.
ಬಾಲ ಸಿಕ್ಕಿಕೊಂಡ ಗಾಳಿಪಟ, ಮೂರು ವಾರ.
ಸೊನ್ನೆ, ಸೊನ್ನೆ. ನನ್ನ ಸೊನ್ನೆಗಳು ಸೊಟ್ಟಗಾಗತೊಡಗಿದವು.

ಡಿಸೆಂಬರ್, ಎರಡು ಗಂಟೆ ಹತ್ತು ನಿಮಿಷ.
ಮುನಿಕೆಂಪಣ್ಣ ನನ್ನ ತೋಳು ಹಿಡಿದು ನಿಲ್ಲಿಸಿದರು.
ನಮ್ಮ ಸೇತುವೆಯ ಮೇಲಲ್ಲ.
ಅದರ ಕೆಳಗೆ, ಯಾರನ್ನೂ ಕೇಳದೆ ಯಾರೋ ಎಳೆದು ಹೋಗಿದ್ದ
ಇಂಟರ್ನೆಟ್ಟಿನ ಕರಿ ವೈರು.
ಅದಕ್ಕೆ ತಲೆಕೆಳಗಾಗಿ ಜೋತು
ಬರುತ್ತಿದೆ.
ನಡುವಿಗೆ ಬಂದಾಗ ಜಲ್ಲಿ ಲಾರಿಯೊಂದು ಹಾದುಹೋಯಿತು.
ವೈರು ತೂಗಿತು.
ತೂಗು ನಿಲ್ಲುವವರೆಗೆ ಅದೂ ನಿಂತಿತು, ನಾವೂ.

ಆಮೇಲೆ ಬೆರಳು ಒಂದೊಂದಾಗಿ ಬಿಡಿಸಿ,
ತಾನೇ ಬಿಡಿಸಿ,
ಒಂದೊಂದಾಗಿ ಹಿಡಿದು, ಆಚೆಯ ಬಾಗೆಯ ಕತ್ತಲಿಗೆ.

"ನಮ್ದಕ್ಕೆ ಏಳು ಸಹಿ" ಎಂದು ಅವರು ನಗಲು ಹೋದರು.
ಮಫ್ಲರಿನ ತುದಿಯಿಂದ ಮುಖ ಒರೆಸಿಕೊಂಡರು.
ಚಳಿ ಇತ್ತು, ನಿಜ.

ಮರ ಎಂಬಲ್ಲಿ ವೈರು ಎಂದು ಬರೆದೆ.
ಎಷ್ಟು ಎಂಬಲ್ಲಿ ೧.
ಅವರು ಟಾರ್ಚು ಹಿಡಿದು ಬಗ್ಗಿ ನೋಡಿದರು:
ನಮ್ಮ ಒಂದು, ಕೆಳಗೆ ಸ್ವಲ್ಪ ಬಾಯಿ ಬಿಟ್ಟ ಸೊನ್ನೆ.

ನಾಳೆ ಬೆಳಿಗ್ಗೆ ವೈರಿನವರನ್ನು ಹುಡುಕಬೇಕು,
ಬಿಚ್ಚಬೇಡಿ ಎಂದು ಹೇಳಲು.
ಯಾವ ಕಂಪನಿಯೋ. ಅದರ ಮೇಲೆ ಹೆಸರಿಲ್ಲ.